ಜಾಗ ಖಾಲಿ ಮಾಡಿ ಅಂದ್ರು, ಅವರು ಊರನ್ನೇ ಕಟ್ಟಿದ್ರು! ಲಕ್ಷ್ಮಣರಾವ್ ಕಿರ್ಲೋಸ್ಕರ್

1/6
ಫ್ರೆಂಡ್ಸ್, ಇಕನಾಮಿಕ್ಸ್‌ನಲ್ಲಿ ಉತ್ಪಾದನಾಂಗಗಳು ಅಂತ ಓದಿದ್ದೀವಲ್ಲ? ಭೂಮಿ, ಶ್ರಮ, ಬಂಡವಾಳ, ಸಂಘಟನೆ. ನಾಲ್ಕು ಮಾರ್ಕ್ಸ್‌ಗೆ ಬಾಯಿಪಾಠ ಮಾಡಿ ಮುಂದೆ ಹೋಗ್ತೀವಿ. ಲಿಸ್ಟ್‌ನಲ್ಲಿ ಮೊದಲು ಬರೋ ಭೂಮಿನೇ ಕೈತಪ್ಪಿದ್ರೆ? ಇವತ್ತಿನ ಕಥೆ ಅದೇ.

ಗದ್ದೆಯ ಪಂಪ್‌ಸೆಟ್ ಮೇಲೆ ‘ಕಿರ್ಲೋಸ್ಕರ್’ ಅನ್ನೋ ಹೆಸರು ನೀವು ನೋಡಿರ್ತೀರಿ. ಅದನ್ನ ಶುರುಮಾಡಿದವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು.

2/6
ಲಕ್ಷ್ಮಣರಾಯರಿಗೆ ಚಿತ್ರ ಬರೆಯೋ ಹುಚ್ಚು. ಮುಂಬೈನ ಜೆ.ಜೆ. ಕಲಾ ಶಾಲೆಗೆ ಸೇರಿದ್ರು. ಅಲ್ಲಿ ಗೊತ್ತಾಯ್ತು, ಕೆಲವು ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಕಾಣೋದೇ ಇಲ್ಲ ಅಂತ. ಪೇಂಟಿಂಗ್ ಬಿಟ್ಟು ಯಂತ್ರಗಳ ನಕ್ಷೆ ಬರೆಯೋದು ಕಲಿತ್ರು, ಅದನ್ನೇ ವಿಕ್ಟೋರಿಯಾ ಜೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಮಾಡಿದ್ರು. ಅವರಿಗೆ ಸಿಗಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯ್ತು. ಕೆಲಸ ಬಿಟ್ಟು ಬೆಳಗಾವಿಗೆ ಬಂದ್ರು.

ಅಲ್ಲಿ ಅಣ್ಣ ರಾಮಣ್ಣನ ಜೊತೆ 1888ರಲ್ಲೇ ಶುರುವಾಗಿದ್ದ ಸೈಕಲ್ ವ್ಯಾಪಾರ ಇತ್ತು. ಸೈಕಲ್ ಮಾರೋದಷ್ಟೇ ಅಲ್ಲ, ತುಳಿಯೋದನ್ನೂ ಕಲಿಸ್ತಿದ್ರು!

3/6
ಆಮೇಲೆ ಮೇವು ಕತ್ತರಿಸೋ ಯಂತ್ರ ಮಾಡಿದ್ರು. ಅದರ ನಂತರ ಕಬ್ಬಿಣದ ನೇಗಿಲು, ಉತ್ತರ ಕರ್ನಾಟಕದವರ ಮಾತಲ್ಲಿ ಕಬ್ಬಿಣದ ರಂಟೆ. ಮರದ ನೇಗಿಲು ಮಣ್ಣನ್ನ ಗೀರುತ್ತೆ, ಇದು ಆಳಕ್ಕೆ ಹೋಗಿ ಮಗುಚಿ ಹಾಕುತ್ತೆ. ವಸ್ತು ಚೆನ್ನಾಗಿದೆ, ಆದ್ರೆ ಕೊಳ್ಳೋರಿಲ್ಲ. ಕಬ್ಬಿಣ ತಾಗಿದ್ರೆ ಭೂಮಿಗೆ ವಿಷ ಏರುತ್ತೆ ಅಂತ ರೈತರ ಭಯ. ಮೊದಲ ನೇಗಿಲು ಮಾರಾಟ ಆಗೋಕೆ ಸುಮಾರು ಎರಡು ವರ್ಷ ಹಿಡೀತು.

ರೈತರು ದಡ್ಡರು ಅಂತ ನಗಬೇಡಿ. ಇರೋದೊಂದೇ ಹೊಲ, ಅದು ಕೆಟ್ರೆ ಆ ವರ್ಷ ಊಟ ಇಲ್ಲ. ಯಾರೋ ಸೈಕಲ್ ಅಂಗಡಿಯವರು ಹೇಳಿದ್ರು ಅಂತ ನೀವಾಗಿದ್ರೆ ನಂಬ್ತಿದ್ರಾ?

4/6
ವ್ಯಾಪಾರ ಇನ್ನೇನು ಕೈಹಿಡೀತು ಅನ್ನೋವಾಗ ಬೆಳಗಾವಿ ಪುರಸಭೆಯಿಂದ ಆದೇಶ ಬಂತು. ಊರು ವಿಸ್ತರಿಸಬೇಕು, ಜಾಗ ಬಿಡಿ. ಯಂತ್ರ ಇದೆ, ಕೆಲಸಗಾರರಿದ್ದಾರೆ, ನಿಲ್ಲೋಕೆ ನೆಲ ಇಲ್ಲ!

ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ್ ಪಂತ್ ಪ್ರತಿನಿಧಿ. ಮೊದಲು ಔಂಧ್‌ನ ದೇವಸ್ಥಾನಕ್ಕೆ ಸಭಾಮಂಟಪ ಕಟ್ಟೋ ಕೆಲಸ ಕೊಟ್ರು. ಆಮೇಲೆ ಕುಂಡಲ್ ರೋಡ್ ರೈಲ್ವೆ ಸ್ಟೇಷನ್ ಹತ್ರ 32 ಎಕರೆ ಜಾಗ, ಜೊತೆಗೆ ಸಾಲ. ಎಂಥಾ ಜಾಗ ಅಂದ್ಕೊಂಡ್ರಿ? ಕಣ್ಣು ಹಾಯಿಸಿದಷ್ಟೂ ಪಾಪಾಸುಕಳ್ಳಿ, ಅದರೊಳಗೆ ಹಾವು. ಆದ್ರೆ ಪಕ್ಕದಲ್ಲೇ ರೈಲು. ಕಬ್ಬಿಣ ಬರೋಕೆ, ನೇಗಿಲು ಹೋಗೋಕೆ ಅದು ಸಾಕು.

5/6
1910ರ ಮಾರ್ಚ್ 10. ಕಿರ್ಲೋಸ್ಕರ್‌ವಾಡಿ ಶುರುವಾದ ದಿನ. ಕಳ್ಳಿ ಕಡಿದು ನೆಲ ಸಮ ಮಾಡಿದ್ರು. ಕಾರ್ಖಾನೆ ಜೊತೆ ಮನೆಗಳೂ ಎದ್ದವು. ಊರಿನ ಉಸ್ತುವಾರಿ ರಾಮಣ್ಣನದು. ಜೈಲಿಗೆ ಹೋಗಿ ಬಂದವರನ್ನೇ ಕಾವಲಿಗೆ ಇಟ್ರು. ಅಸ್ಪೃಶ್ಯತೆ ಇಲ್ಲಿ ನಡೆಯಲ್ಲ ಅಂತ ಖಡಕ್ಕಾಗಿ ಹೇಳಿದ್ರು. ಎಲ್ಲರಿಗಿಂತ ಕೊನೆಗೆ ಜಾಗ ಸಿಗೋದು ಯಾರಿಗೆ ಅಂತ ನಮಗೆಲ್ಲ ಗೊತ್ತು. ತಾವೇ ಜಾಗ ಕಳ್ಕೊಂಡವರು ಕಟ್ಟಿದ ಊರಲ್ಲಿ ಈ ನಿಯಮ ಇತ್ತು ಅನ್ನೋದು ನನಗೆ ಆ ಬ್ಯಾಲೆನ್ಸ್ ಶೀಟ್‌ಗಿಂತ ದೊಡ್ಡದು.

ಇವತ್ತು ಆ ಸ್ಟೇಷನ್ ಹೆಸರೇ ಕಿರ್ಲೋಸ್ಕರ್‌ವಾಡಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ. ಬೆಳಗಾವಿಗೆ ಉಳಿದಿದ್ದು ಒಂದು ಕಿರ್ಲೋಸ್ಕರ್ ರಸ್ತೆ.

6/6
ಕರ್ನಾಟಕಕ್ಕೆ ಅವರು ಮತ್ತೆ ಬಂದ್ರು. 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡ್ರು. ಹರಿಹರದ ಆ ಕಾರ್ಖಾನೆ ಈಗ ಮುಚ್ಚಿದೆ. ಕಾರ್ಖಾನೆ ನಂಬಿ ಬೆಳೆದ ಊರಿಗೆ ಅದು ನಿಂತಾಗ ಏನಾಗುತ್ತೆ ಅಂತ ಹರಿಹರದ ಫ್ರೆಂಡ್ಸ್ ನನಗಿಂತ ಚೆನ್ನಾಗಿ ಹೇಳ್ತಾರೆ.

‘ಜಾಗ ಖಾಲಿ ಮಾಡಿ’ ಅನ್ನೋ ಆದೇಶ ಬರೆಯೋಕೆ ಒಂದು ಹಾಳೆ ಸಾಕು. ಆಮೇಲೆ ಎಲ್ಲರಿಗೂ ಒಬ್ಬ ಔಂಧ್ ರಾಜ ಸಿಗಲ್ಲ. ನಿಮ್ಮೂರಲ್ಲಿ ಹೀಗೆ ಎದ್ದು ಹೋದ ಅಂಗಡಿ, ವರ್ಕ್‌ಶಾಪ್, ಮಿಲ್ ಯಾವುದು? ಕಾಮೆಂಟ್‌ನಲ್ಲಿ ಬರೀರಿ, ಮನೇಲಿ ಅಜ್ಜನ್ನ ಕೇಳಿ ಬರೆದ್ರೆ ಇನ್ನೂ ಒಳ್ಳೇದು 🙏

#ಕನ್ನಡ #ಇತಿಹಾಸ #ಬಿಕಾಂ #ಬೆಳಗಾವಿ #ಕಿರ್ಲೋಸ್ಕರ್