ಬೆಸುಗೆಯನ್ನು ಕಾಯುವ ನೀರು, ಕೆಡಿಸುವ ನೀರು

ವಿದ್ಯುತ್ ಗೀಸರು, ಸೌರ ಹೀಟರುಗಳು ಬರುವ ಮೊದಲು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸ್ನಾನದ ನೀರು ಕಾಯುತ್ತಿದ್ದುದು ತಾಮ್ರದ ಹಂಡೆಯಲ್ಲಿ, ಇಲ್ಲವೆ ಬಂಬಿನಲ್ಲಿ. ಹಂಡೆಗೆ ಬೆಂಕಿ ಕೆಳಗೆ, ಬಂಬಿಗೆ ಒಡಲೊಳಗೆ. ನಡುವೆ ಕೊಳವೆ, ಅದರಲ್ಲಿ ಕೆಂಡ, ಸುತ್ತಲೂ ನೀರು, ಪಕ್ಕಕ್ಕೊಂದು ಹಿತ್ತಾಳೆಯ ನಳ. ಮಹಾರಾಷ್ಟ್ರದಲ್ಲೂ ಅದರ ಹೆಸರು ಬಂಬೇ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಬದಲಾಯಿತು, ಬಚ್ಚಲು ಬದಲಾಗಲಿಲ್ಲ.

ನೀರು ತುಂಬದೆ ಬಂಬಿಗೆ ಬೆಂಕಿ ಹಾಕಬಾರದೆಂಬುದು ಎಲ್ಲರೂ ಬಲ್ಲ ಮಾತು. ಇದರ ಹಿಂದಿನ ಲೆಕ್ಕ ಸರಳ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೀಸ ಬೆರೆಸಿದ ಬೆಸುಗೆ 183 ಡಿಗ್ರಿಯಲ್ಲೇ ಮೆದುವಾಗತೊಡಗುತ್ತದೆ. ತೆರೆದ ಪಾತ್ರೆಯ ನೀರು ಮಾತ್ರ ಎಷ್ಟು ಕುದಿದರೂ 100 ಡಿಗ್ರಿಯನ್ನು ದಾಟದು. ಒಳಗೆ ನೀರಿರುವ ತನಕ ಅದಕ್ಕೆ ತಾಗಿದ ತಾಮ್ರವೂ ಹೆಚ್ಚು ಕಾಯುವುದಿಲ್ಲ, ಬೆಸುಗೆ ಕರಗುವುದಿಲ್ಲ. ನೀರು ಬತ್ತಿತೆಂದರೆ ಬೆಸೆದ ಕಡೆ ಬಾಯಿ ಬಿಡುತ್ತದೆ.

ಹೀಗೆ ಬೆಸುಗೆಯನ್ನು ಕಾಯುವ ನೀರೇ ರಿಪೇರಿಯ ಹೊತ್ತಿಗೆ ಅದರ ವೈರಿ. ತಾಮ್ರದ ಪೈಪಿನಲ್ಲಿ ಸ್ವಲ್ಪ ನೀರು ಉಳಿದಿದ್ದರೂ ಉರಿಯ ಕಾವೆಲ್ಲ ಅದಕ್ಕೇ ಹೋಗುತ್ತದೆ. ಒಂದು ಗ್ರಾಂ ನೀರನ್ನು 20ರಿಂದ 100 ಡಿಗ್ರಿಗೆ ಏರಿಸಲು 80 ಕ್ಯಾಲೊರಿ ಸಾಕು. ಅದನ್ನು ಆವಿಯಾಗಿಸಲು ಮತ್ತೆ 540 ಕ್ಯಾಲೊರಿ ಬೇಕು. ತವರ ಹರಿಯದೆ ಗಂಟುಗಟ್ಟುತ್ತದೆ. ಹಟ ಹಿಡಿದು ಕಾಯಿಸಿದರೆ, ಸುಮಾರು 1,600 ಪಟ್ಟು ಹಿಗ್ಗುವ ಆವಿ ಕರಗಿದ ತವರವನ್ನು ಸೀಳಿ ಸೂಜಿಮೊನೆಯಷ್ಟು ತೂತು ಬಿಟ್ಟು ಹೋಗುತ್ತದೆ. ಎರಡೂ ತುದಿ ಮುಚ್ಚಿದ ಪೈಪಾದರೆ ಕೆಲಸಗಾರನ ಕೈ-ಮುಖಗಳಿಗೂ ಅಪಾಯ.

ಕೊಳವೆ ಬೆಸೆಯುವ ವಿದ್ಯೆ ಹಳೆಯದು. ರೋಮಿನವರ ನೀರಿನ ಕೊಳವೆಗಳು ಸೀಸದವು. ಎರಡು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿ ಅವನ್ನು ಬೆಸೆಯುತ್ತಿದ್ದರೆಂದು ಒಂದನೆಯ ಶತಮಾನದ ಪ್ಲಿನಿ ಬರೆದಿದ್ದಾನೆ. ಸೀಸದ ಲ್ಯಾಟಿನ್ ಹೆಸರಾದ 'ಪ್ಲಂಬಂ'ನಿಂದಲೇ 'ಪ್ಲಂಬರ್' ಎಂಬ ಪದ ಬಂದಿತು. ತಾಮ್ರದ ನಳಗಳು ಮನೆಮನೆಗೆ ಹಬ್ಬಿದ ಪಾಶ್ಚಾತ್ಯ ದೇಶಗಳಲ್ಲಿ ತೊಟ್ಟಿಕ್ಕುವ ನೀರಿಗೆ ಕೆಲಸಗಾರರು ಕಂಡುಕೊಂಡ ಉಪಾಯ ಬ್ರೆಡ್ಡಿನ ತಿರುಳು. ಅದನ್ನು ಪೈಪಿನೊಳಗೆ ತುರುಕಿದರೆ ಬೆಸೆಯುವಷ್ಟು ಹೊತ್ತು ನೀರನ್ನು ತಡೆಯುತ್ತದೆ. ಆಮೇಲೆ ಕರಗಿ ಹೊರಗೆ ಹರಿದುಹೋಗುತ್ತದೆ.

ಸೀಸ ನೀರಿನೊಡನೆ ದೇಹವನ್ನು ಸೇರಿದರೆ ಮಕ್ಕಳ ಮಿದುಳಿಗೆ ಹಾನಿ. ಅಮೆರಿಕ 1986ರಲ್ಲಿ ಕುಡಿಯುವ ನೀರಿನ ಕೊಳವೆಗಳಿಗೆ ಸೀಸದ ಬೆಸುಗೆಯನ್ನು ನಿಷೇಧಿಸಿತು. ಸೀಸವಿಲ್ಲದ ಬೆಸುಗೆ ಕರಗಲು ಹೆಚ್ಚು ಕಾವು ಬೇಕಾದ್ದರಿಂದ ಉಳಿದ ನೀರಿನ ಕಾಟವೂ ಹೆಚ್ಚು. ಅಟ್ಟದ ಮೇಲಿನ ಹಳೆಯ ಹಂಡೆ, ಕೊಡಗಳನ್ನು ಕುಡಿಯುವ ನೀರಿಗೆಂದು ಮತ್ತೆ ಕೆಳಗಿಳಿಸುವವರು ಅವುಗಳ ಹೊಳಪನ್ನಷ್ಟೇ ನೋಡಿದರೆ ಸಾಲದು. ಬೆಸುಗೆಯಲ್ಲಿ ಸೀಸವಿದೆಯೇ ಎಂದು ಕೇಳಬೇಕು, ರಿಪೇರಿಗೆ ಕೊಡುವ ಮುನ್ನ ಪೂರ್ತಿ ಒಣಗಿಸಬೇಕು.