ಅಮೋನಿಯ ಶೈತ್ಯಸ್ಥಾವರಗಳಲ್ಲಿ ಸಮಾಂತರ ಕಂಡೆನ್ಸರುಗಳು: ದ್ರವಸ್ತಂಭದ ಎತ್ತರವನ್ನು ಕುರಿತ ವಿವೇಚನೆ

ಶೈತ್ಯಾಗಾರವೊಂದು ಬೆಳೆದು, ಇದ್ದ ಕಂಡೆನ್ಸರು ಬೇಸಗೆಯ ಹೊರೆಯನ್ನು ತಾಳಲಾರದೆ ಹೋದಾಗ, ಅದರ ಮಗ್ಗುಲಲ್ಲಿ ಇನ್ನೊಂದನ್ನು ನಿಲ್ಲಿಸಿ, ಎರಡರ ಮೇಲ್ಬಾಯಿಗಳನ್ನು ಕಂಪ್ರೆಸರಿನ ಡಿಸ್ಚಾರ್ಜ್ ಪೈಪಿಗೂ ಕೆಳಬಾಯಿಗಳನ್ನು ಒಂದೇ ಹೆಡರಿಗೂ ಸೇರಿಸಿಬಿಡುವುದುಂಟು. ಇಷ್ಟಾದರೂ ಹೆಡ್ ಪ್ರೆಶರ್ ಇಳಿಯದಿದ್ದರೆ ಹೊಸ ಯಂತ್ರವನ್ನೋ ಒಳಸೇರಿದ ಗಾಳಿಯನ್ನೋ ದೂರುವರು. ಆದರೆ ಇಂತಹ ಜೋಡಣೆಯಲ್ಲಿ ಮೊದಲು ಶಂಕಿಸಬೇಕಾದುದು ದ್ರವವು ಇಳಿದುಬರುವ ಪೈಪನ್ನು.

ಅನಿಲವು ಕಾಯಿಲಿನೊಳಗೆ ಹರಿಯುವಾಗ ಘರ್ಷಣೆಯಿಂದ ಅದರ ಒತ್ತಡ ಕೊಂಚ ಕುಗ್ಗುವುದು. ಒಂದೇ ಅಳತೆಯ ಯಂತ್ರಗಳಲ್ಲಿಯೂ ಈ ನಷ್ಟ ಸಮನಾಗಿರುವುದು ದುರ್ಲಭ; ಒಂದರ ಫ್ಯಾನನ್ನು ನಿಲ್ಲಿಸಿದೊಡನೆ ಅಂತರ ಮತ್ತಷ್ಟು ಹಿಗ್ಗುವುದು. ಕೆಳಬಾಯಿಗಳನ್ನು ನೇರವಾಗಿ ಬೆಸೆದಲ್ಲಿ, ನಷ್ಟ ಹೆಚ್ಚಾದ ಕಂಡೆನ್ಸರಿನ ದ್ರವವು ಹೊರಬರಲಾರದೆ ಕಾಯಿಲಿನಲ್ಲಿಯೇ ತಂಗುವುದು, ದ್ರವ ತಂಗಿದಷ್ಟು ಮೇಲ್ಮೈ ಸಾಂದ್ರೀಕರಣಕ್ಕೆ ನಿರರ್ಥಕವಾಗುವುದು.

ಆದುದರಿಂದ ಪ್ರತಿಯೊಂದು ಕೆಳಬಾಯಿಯಿಂದಲೂ ಲಂಬವಾದ ಡ್ರಾಪ್ ಲೆಗ್ಗೊಂದನ್ನು ಇಳಿಸಿ, ಅದರ ಬುಡವನ್ನು ಟ್ರ್ಯಾಪಿನಿಂದ ಮುದ್ರಿಸಿ, ಆ ಬಳಿಕವೇ ಹೆಡರಿಗೆ ಕೂಡಿಸತಕ್ಕದ್ದು. ರಿಸೀವರಿನ ನೆತ್ತಿಯಿಂದ ಹೊರಡುವ ಈಕ್ವಲೈಸರ್ ಪೈಪು ಡಿಸ್ಚಾರ್ಜ್ ಹೆಡರನ್ನು ಸೇರಬೇಕೇ ಹೊರತು ಕೆಳಬಾಯಿಗಳನ್ನಲ್ಲ. ಹೀಗೆ ಮಾಡಿದಾಗ ಪ್ರತಿಯೊಂದು ಲೆಗ್ಗಿನಲ್ಲಿಯೂ ದ್ರವವು ತನ್ನ ಕಂಡೆನ್ಸರು ಕಳೆದುಕೊಂಡ ಒತ್ತಡವನ್ನು ಸರಿದೂಗಿಸುವಷ್ಟು ಎತ್ತರಕ್ಕೆ ಏರಿ ನಿಲ್ಲುವುದು. 35 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅಮೋನಿಯ ದ್ರವದ ಸಾಂದ್ರತೆ ಘನಮೀಟರಿಗೆ ಸುಮಾರು 588 ಕಿಲೋಗ್ರಾಂ; ನೀರಿಗಿಂತ ಇಷ್ಟು ಹಗುರವಾದುದರಿಂದ ಒಂದು ಕಿಲೋಪಾಸ್ಕಲನ್ನು ತೂಗಿಸಲು ಅದಕ್ಕೆ 17 ಸೆಂಟಿಮೀಟರಿನಷ್ಟು ಸ್ತಂಭ ಬೇಕು. 9 ಕಿಲೋಪಾಸ್ಕಲಿನ ನಷ್ಟವೆಂದರೆ, ಸುಮಾರು 1350 ಕಿಲೋಪಾಸ್ಕಲಿನ ಸಾಂದ್ರೀಕರಣದ ಒತ್ತಡದ ಮುಂದೆ ಗೇಜಿನ ಮುಳ್ಳು ಗಮನಿಸದಷ್ಟು ಅಲ್ಪ. ಲೆಗ್ಗಿನಲ್ಲಾದರೋ ಅದೇ ಒಂದೂವರೆ ಮೀಟರಿಗೂ ಮಿಕ್ಕ ಎತ್ತರವಾಗುತ್ತದೆ. ಲೆಗ್ಗು ಒಂದೇ ಮೀಟರು ಉದ್ದವಿದ್ದರೆ ಉಳಿದ ಅರ್ಧ ಮೀಟರಿನ ದ್ರವ ಎಲ್ಲಿ ನಿಲ್ಲಬೇಕು? ಕಾಯಿಲಿನ ತಳದ ಕೊಳವೆಗಳಲ್ಲಿಯೇ.

ಒಂದೂವರೆ ಮೀಟರು ಸಾಕೆಂಬ ರೂಢಿಯ ಮಾತನ್ನು ಎಲ್ಲೆಡೆಯೂ ನಂಬುವುದು ಸಾಧುವಲ್ಲ. ಎರಡರಲ್ಲಿ ಒಂದು ನಿಂತು ಹರಿವೆಲ್ಲವೂ ಇನ್ನೊಂದರ ಪಾಲಾದರೆ, ಹರಿವು ಇಮ್ಮಡಿಯಾದಲ್ಲಿ ನಷ್ಟವು ಸುಮಾರು ನಾಲ್ಮಡಿಯಾಗುವುದು. ಲೆಗ್ಗಿನ ಎತ್ತರವನ್ನು ಗಣಿಸಬೇಕಾದುದು ಈ ವಿಷಮಾವಸ್ಥೆಗೇ. ಗಾಳಿಯನ್ನು ಹೊರಬಿಡುವ ಪರ್ಜ್ ವಾಲ್ವುಗಳನ್ನೂ ಪ್ರತಿಯೊಂದು ಕೆಳಬಾಯಿಗೂ ಬೇರೆಬೇರೆಯಾಗಿರಿಸಿ, ಒಮ್ಮೆಗೆ ಒಂದನ್ನು ಮಾತ್ರ ತೆರೆಯತಕ್ಕದ್ದು; ಎರಡನ್ನೂ ಒಟ್ಟಿಗೆ ತೆರೆದರೆ ಟ್ರ್ಯಾಪುಗಳು ಬೇರ್ಪಡಿಸಿದ ಒತ್ತಡಗಳು ಪರ್ಜ್ ಪೈಪಿನ ಮೂಲಕ ಪುನಃ ಬೆರೆಯುವುವು.

ಹೊಸ ಕಂಡೆನ್ಸರನ್ನು ಕೊಳ್ಳಹೊರಟ ಸ್ಥಾವರದವರು ಅದರ ಸಾಮರ್ಥ್ಯದ ಪಟ್ಟಿಯನ್ನು ನೋಡುವ ಮುನ್ನ, ಅದನ್ನು ನಿಲ್ಲಿಸುವ ಕಟ್ಟೆಗೂ ರಿಸೀವರಿಗೂ ನಡುವಣ ಎತ್ತರವನ್ನು ಅಳೆಯಲಿ; ಎತ್ತರ ಸಾಲದಿದ್ದರೆ ಮೊದಲು ಕಟ್ಟೆಯನ್ನು ಎತ್ತರಿಸಲಿ.