ತುಮಕೂರಿನ ಹಳ್ಳಿಗಳು ಜಗತ್ತಿಗೆ ಕಲಿಸಿದ ಪಾಠ

ಹೊಳವನಹಳ್ಳಿ, ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬರಗಾಲ ಮತ್ತು ಕಡಲೆಕಾಯಿ. ಆದರೆ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗರು ಹೇಳಿದ ಮಾತೊಂದು ಕ್ಷಯರೋಗದ ವಿರುದ್ಧ ದೇಶದ ನೀತಿಯನ್ನೇ ತಿದ್ದಿತೆಂಬ ಸಂಗತಿ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಆ ಮಾತನ್ನು ಕಿವಿಗೊಟ್ಟು ಕೇಳಿದವರು ಪ್ರೊ. ದೇಬಬರ್ ಬ್ಯಾನರ್ಜಿ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಅಲ್ಲಿ ಕೆಲಸ ಮಾಡುತ್ತಿದ್ದರು. ಆಗ ಕ್ಷಯವೆಂದರೆ ಸ್ಯಾನಟೋರಿಯಂ ಎಂಬ ಭಾವನೆ ಇತ್ತು. ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ರೋಗ ಅಷ್ಟೇ ಚೆನ್ನಾಗಿ ಗುಣವಾಗುತ್ತದೆಂದು ಅದೇ 1959ರಲ್ಲಿ ಮದರಾಸಿನ ಸಂಶೋಧನೆ ತೋರಿಸಿತ್ತು. ಇನ್ನು ರೋಗಿಗಳನ್ನು ಹುಡುಕುವುದು ಹೇಗೆ? ಹಳ್ಳಿಗರು ಅಜ್ಞಾನಿಗಳು, ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸರೇ ವಾಹನವನ್ನು ಊರೂರಿಗೆ ಒಯ್ಯಬೇಕು ಎಂಬುದು ಹಲವರ ನಂಬಿಕೆ.

1960-61ರಲ್ಲಿ ಸಂಸ್ಥೆಯವರು ತುಮಕೂರು ಜಿಲ್ಲೆಯ ಆಯ್ದ ಹಳ್ಳಿಗಳಲ್ಲಿ ಎಕ್ಸರೇ ಮತ್ತು ಕಫ ಪರೀಕ್ಷೆ ನಡೆಸಿ ರೋಗಿಗಳನ್ನು ಗುರುತಿಸಿದರು. ಬ್ಯಾನರ್ಜಿ ವೈದ್ಯರಾಗಿದ್ದು ಮಾನವಶಾಸ್ತ್ರವನ್ನೂ ಓದಿದ್ದವರು. ಅವರು ಮತ್ತು ಸ್ಟಿಗ್ ಆಂಡರ್ಸನ್ ಕೈಗೊಂಡ ಅಧ್ಯಯನದಲ್ಲಿ ಆ ರೋಗಿಗಳನ್ನೇ ಮಾತನಾಡಿಸಲಾಯಿತು: ನಿಮಗೇನು ತೊಂದರೆ? ಅದರ ಬಗ್ಗೆ ಚಿಂತೆ ಇದೆಯೇ? ಎಲ್ಲಿಗೆ ಹೋಗಿದ್ದಿರಿ?

ಉತ್ತರ ಎಲ್ಲರನ್ನೂ ಬೆರಗುಗೊಳಿಸಿತು. ಕಫದಲ್ಲಿ ಕ್ರಿಮಿ ಕಂಡವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಅರಸಿ ವೈದ್ಯರ ಬಾಗಿಲಿಗೆ ಹೋಗಿಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಇರಲಿಲ್ಲ. ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸಲಾಗುತ್ತಿತ್ತು. ಅಂದರೆ ತಪ್ಪಿದ್ದು ಹಳ್ಳಿಗರದಲ್ಲ, ವ್ಯವಸ್ಥೆಯದು. ಈ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಥ ಸಂಶೋಧನೆಗಳ ತಳಹದಿಯ ಮೇಲೆ 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಕೆಮ್ಮೆಂದು ಬಂದವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಬೇಕು, ಅಲ್ಲೇ ಉಚಿತವಾಗಿ ಮದ್ದು ಕೊಡಬೇಕು ಎಂಬುದು ಅದರ ಸಾರ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ಇದೇ ದಾರಿಯನ್ನು ಎತ್ತಿಹಿಡಿಯಿತು.

ಬ್ಯಾನರ್ಜಿ 1971ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ಎಂಟು ರಾಜ್ಯಗಳ 19 ಹಳ್ಳಿಗಳಲ್ಲಿ ಬಡತನ ಮತ್ತು ಆರೋಗ್ಯದ ಸಂಬಂಧವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. 1978ರ ಆಲ್ಮಾ-ಆಟಾ ಸಮ್ಮೇಳನ 2000ದ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಎಂದು ಸಾರಿತು. ಆ ಗುರಿಯನ್ನು ಬದಿಗಿಟ್ಟು, ಶ್ರೀಮಂತ ದೇಶಗಳು ಆರಿಸಿದ ಕೆಲವೇ ರೋಗಗಳ ಕಾರ್ಯಕ್ರಮಗಳನ್ನು ಬಡ ದೇಶಗಳ ಮೇಲೆ ಹೇರಿದಾಗ ಬ್ಯಾನರ್ಜಿ ಅದನ್ನು ಕಟುವಾಗಿ ಟೀಕಿಸಿದರು.

ರೋಗಕ್ಕೆ ಮದ್ದನ್ನೂ ಅಲ್ಲಾಹನೇ ಇಳಿಸಿದ್ದಾನೆಂಬುದು ಪ್ರವಾದಿಯವರ (ಸ) ಬೋಧನೆ. ಮದ್ದು ಹುಡುಕುವುದೂ ಅದನ್ನು ಬಡವನ ಕೈಗೆ ತಲುಪಿಸುವುದೂ ನಮ್ಮ ಹೊಣೆ. ನಮ್ಮ ಮನೆಗಳಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ ಮುಚ್ಚಿಡಬಾರದು. ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಶಿಕ್ಷಣ ಸಂಸ್ಥೆಯವರಾದ ನಮಗೂ ಇಲ್ಲೊಂದು ಪಾಠವಿದೆ. ಮಗಳು ಶಾಲೆ ಬಿಟ್ಟರೆ, ತಂದೆತಾಯಿಗೆ ಓದಿನ ಬೆಲೆ ಗೊತ್ತಿಲ್ಲವೆಂದು ಥಟ್ಟನೆ ಹೇಳಿಬಿಡುತ್ತೇವೆ. ಅವರು ಎಷ್ಟು ಸಲ ಶಾಲೆಯ ಬಾಗಿಲಿಗೆ ಬಂದಿದ್ದರು, ಏನು ಹೇಳಿ ಕಳುಹಿಸಿದೆವು ಎಂದು ಕೇಳಿದ್ದೇವೆಯೇ? ಸಂಶೋಧನೆ ಮಾಡಬಯಸುವ ನಮ್ಮ ವಿದ್ಯಾರ್ಥಿಗಳು ಅಲ್ಲಿಂದಲೇ ಆರಂಭಿಸಲಿ: ದೂರುವ ಮೊದಲು ಕೇಳಬೇಕು.